ಬರೆದದ್ದು ಯಾರು ಸರಿ, ಓದಿದ್ದು ಯಾರು?

2023ರ ಜನವರಿ. ಚಾಟ್‌ಜಿಪಿಟಿ ಹೊರಬಂದು ಸರಿಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಬೆಂಗಳೂರಿನ ಆರ್‌ವಿ ವಿಶ್ವವಿದ್ಯಾಲಯ ಕ್ಯಾಂಪಸ್ಸಿನಲ್ಲಿ ಅದನ್ನು ನಿಷೇಧಿಸಿತು. ಅನುಮಾನ ಬಂದರೆ ಅಸೈನ್‌ಮೆಂಟನ್ನು ಮತ್ತೆ ಮಾಡಿಸ್ತೀವಿ ಅಂದಿತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ದಿನದ ಮಟ್ಟಿಗೆ ಅದೇ ಜೋಕು. ವೈಫೈ ಬ್ಲಾಕ್ ಮಾಡಿದರೆ ಹುಡುಗರ ಮೊಬೈಲಲ್ಲಿ ಡೇಟಾ ಇಲ್ವಾ ಅಂತ.

ಈಗ ಡೇಟಾ ಜೊತೆ ಎಐ ಕೂಡ ಫ್ರೀ. 2025ರಲ್ಲಿ ಏರ್‌ಟೆಲ್ ಸಿಮ್ ಇದ್ದವರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ, ಜಿಯೋ ಅನ್‌ಲಿಮಿಟೆಡ್ 5ಜಿಯವರಿಗೆ ಜೆಮಿನಿ 18 ತಿಂಗಳು, ನವೆಂಬರಿನಿಂದ ಚಾಟ್‌ಜಿಪಿಟಿ ಗೋ ಒಂದು ವರ್ಷ. ಮೊದಲು ರುಚಿ ಹತ್ತಿಸಿ ಆಮೇಲೆ ಬಿಲ್ ಕಳಿಸೋ ವ್ಯಾಪಾರ ನಮಗೆ ಹೊಸದೇನಲ್ಲ. ಹಾಗಾಗಿ ನಿಷೇಧದ ಮಾತು ಮುಗಿದು, ಕಾಲೇಜುಗಳಲ್ಲಿ ಈಗ ‘ಎಐ ಜವಾಬ್ದಾರಿಯುತ ಬಳಕೆ’ ಅಂತ ಕಾರ್ಯಾಗಾರಗಳು ನಡೀತಿವೆ. ಬ್ಯಾನರ್, ದೀಪ ಬೆಳಗಿಸೋದು, ಪಿಪಿಟಿ, ಸಮೋಸ. ನಾನೂ ಒಂದೆರಡು ಕಡೆ ಹೋಗಿ ಮಾತಾಡಿ ಬಂದಿದ್ದೀನಿ. ಅಲ್ಲಿ ಕೇಳಿದ ಜವಾಬ್ದಾರಿಯೆಲ್ಲ ವಿದ್ಯಾರ್ಥಿಯದೇ. ಪ್ರಶ್ನೆ ಕೊಟ್ಟವರದು, ಉತ್ತರಕ್ಕೆ ಸಹಿ ಹಾಕಿದವರದು ಏನು ಅಂತ ಯಾರೂ ಕೇಳಲ್ಲ. ನನ್ನ ತಕರಾರು ಇರೋದು ಅಲ್ಲಿ.

ಯುಜಿಸಿ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮ ತಂದಿತು. ಥೀಸಿಸ್, ಪ್ರಬಂಧಗಳಲ್ಲಿ ಬೇರೆಯವರ ಬರಹಕ್ಕೆ ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಈ ಅಳತೆಗೋಲು ಕದ್ದ ಮಾಲನ್ನು ಮೂಲದ ಜೊತೆ ಹೋಲಿಸಿ ಹಿಡಿಯುವಂಥದ್ದು. ಎಐ ಬರೆದುಕೊಡುವ ಪ್ಯಾರಾಕ್ಕೆ ಅಂಥ ಮೂಲವೇ ಇರಲ್ಲ, ಹೋಲಿಕೆ ಸೊನ್ನೆ ಬಂದು ಪಾಸಾಗುತ್ತೆ. ಅದಕ್ಕೇ ಈಗ ಎರಡನೇ ಮೀಟರು: ‘ಎಐ ಪರ್ಸೆಂಟ್’.

ಈ ಮೀಟರಿನ ಒಳಗೇನಿದೆ ಅಂತ ಸ್ವಲ್ಪ ಹೇಳ್ತೀನಿ, ಯಾಕೆಂದರೆ ಇದನ್ನು ನಂಬಿ ಮಕ್ಕಳ ಮಾರ್ಕ್ಸ್ ಕತ್ತರಿಸುವವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಒಂದು ಪದದ ನಂತರ ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸುವಂತಿದೆ ಅಂತ ಇವು ಲೆಕ್ಕ ಹಾಕುತ್ತವೆ. ತೀರಾ ಊಹೆಗೆ ಸಿಕ್ಕುವಂತಿದ್ದರೆ ಯಂತ್ರ ಬರೆದದ್ದು ಅನ್ನುತ್ತವೆ. ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಪತ್ತೆ ಯಂತ್ರ ಬಿಟ್ಟಿತ್ತು. ಎಐ ಬರಹದಲ್ಲಿ ಅದು ಹಿಡಿದದ್ದು ಶೇ 26. ಮನುಷ್ಯರು ಬರೆದದ್ದರಲ್ಲಿ ಶೇ 9ನ್ನು ಎಐ ಅಂದಿತು. ಅದೇ ಜುಲೈನಲ್ಲಿ ಅವರೇ ಅದನ್ನು ವಾಪಸ್ ತಗೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡಿನವರು ಇಂಥ ಏಳು ಯಂತ್ರಗಳಿಗೆ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದವು. ಸರಾಸರಿ ಶೇ 61ರಷ್ಟನ್ನು ಯಂತ್ರಗಳು ಎಐ ಅಂದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಮಾತ್ರ ಹೆಚ್ಚೇನೂ ತಪ್ಪಲಿಲ್ಲ.

ಕಾರಣ ಸರಳ. ಕಲಿತ ಇಂಗ್ಲಿಷಿನಲ್ಲಿ ಪದಗಳು ಕಮ್ಮಿ, ವಾಕ್ಯಗಳು ಅಚ್ಚಿನಲ್ಲಿ ಹೊಯ್ದ ಮಾಲೂರು ಹೆಂಚಿನ ಥರ ಒಂದೇ ಅಳತೆ. ಲಕ್ಕೂರು ಕಡೆಯ ಹುಡುಗನನ್ನು ತಗೊಳ್ಳಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಳಿಗ್ಗೆ ಬಸ್ಸಿಗೆ ಮಾಲೂರು, ಅಲ್ಲಿಂದ ರೈಲಲ್ಲಿ ನಿಂತುಕೊಂಡು ಬೆಂಗಳೂರು. ಅವನು ಒಂದು ರಾತ್ರಿ ಕೂತು ತಾನೇ ಇಂಗ್ಲಿಷಿನಲ್ಲಿ ಬರೆದರೆ ಮೀಟರು ಎಐ ಅನ್ನುತ್ತೆ. ಇಂಗ್ಲಿಷ್ ಮನೆಯಿಂದ ಬಂದ ಸಹಪಾಠಿ ಎಐ ಬರೆದದ್ದನ್ನೇ ಆಚೀಚೆ ತಿರುಗಿಸಿ ಕೊಟ್ಟರೂ ದಾಟಿಬಿಡ್ತಾನೆ. ದುಡ್ಡು ಕೊಟ್ಟರೆ ಪರ್ಸೆಂಟ್ ಇಳಿಸಿಕೊಡುವ ಆ್ಯಪ್‌ಗಳೂ ಇವೆ. ಅವು ಮಾಡೋದಿಷ್ಟೆ, ಚೆನ್ನಾಗಿದ್ದ ವಾಕ್ಯವನ್ನು ಸೊಟ್ಟ ಮಾಡೋದು. ಬರಹ ಕೆಟ್ಟಷ್ಟೂ ಮಾರ್ಕ್ಸ್ ಭದ್ರ!

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಎಐ ಬರೋ ಮುಂಚೆ ನಮ್ಮ ಕಾಲೇಜುಗಳಲ್ಲಿ ಮಕ್ಕಳು ತಾವೇ ಯೋಚಿಸಿ ಬರೀತಿದ್ರು ಅನ್ನೋ ಹಾಗೆ ಈ ಗಾಬರಿ ನಡೀತಿದೆಯಲ್ಲ, ಅದು ಸುಳ್ಳು. ಲ್ಯಾಬ್ ರೆಕಾರ್ಡು ಸೀನಿಯರ್‌ದು, ಸೀನಿಯರ್‌ದು ಅವನ ಸೀನಿಯರ್‌ದು. ಮೂರು ತಲೆಮಾರಿನ ಒಂದೇ ತಪ್ಪು ಒಂದೇ ಜಾಗದಲ್ಲಿ ಕೂತಿರ್ತಿತ್ತು. ಕೆಂಪು ಇಂಕಿನ ಸಹಿ ಮಾತ್ರ ಹೊಸದು. ಫೈನಲ್ ಇಯರ್ ಪ್ರಾಜೆಕ್ಟನ್ನು ರೆಡಿಮೇಡ್ ಶರ್ಟಿನ ಹಾಗೆ ಮಾರುವ ಅಂಗಡಿಗಳು ಬೆಂಗಳೂರಲ್ಲಿ ಯಾರಿಗೆ ಗೊತ್ತಿಲ್ಲ? ಅರವತ್ತು ಮಕ್ಕಳ ಅಸೈನ್‌ಮೆಂಟು, ಜೊತೆಗೆ ನ್ಯಾಕ್ ಫೈಲು, ಅಡ್ಮಿಷನ್ ಡ್ಯೂಟಿ. ಗೆಸ್ಟ್ ಲೆಕ್ಚರರ್ ಆದರೆ ಕೈಗೆ ಬರೋ ಸಂಬಳವೂ ಅಷ್ಟಕ್ಕಷ್ಟೇ. ಅವರು ಓದಲಿಲ್ಲ ಅಂತ ಬೈಯೋಕೆ ನನಗೆ ಬಾಯಿ ಬರಲ್ಲ. ಆದರೆ ಓದದೆ ಇದ್ದದ್ದನ್ನು ಈಗ ಯಂತ್ರದ ಕೈಲಿ ಓದಿಸಿ, ಯಂತ್ರ ಹೇಳಿದ ನಂಬರಿಗೆ ಸಹಿ ಹಾಕಿ, ಆಮೇಲೆ ಹುಡುಗನಿಗೆ ನೀತಿ ಹೇಳೋದಿದೆಯಲ್ಲ, ಅದು ಜವಾಬ್ದಾರಿ ಅಲ್ಲ ಕಣ್ರೀ.

ಸಹಿಯ ಬೆಲೆ ಏನು ಅಂತ ನಮ್ಮ ಬೆಂಗಳೂರಿನಲ್ಲೇ ಗೊತ್ತಾಯ್ತು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನಲ್ಲಿ ಒಂದು ಆದೇಶ ಕೊಟ್ಟಿತು. ಅದರಲ್ಲಿ ಉಲ್ಲೇಖಿಸಿದ್ದ ತೀರ್ಪುಗಳಲ್ಲಿ ಕೆಲವು ಇಲ್ಲವೇ ಇಲ್ಲ ಅಂತ ಗೊತ್ತಾಗಿ ಆದೇಶವನ್ನೇ ವಾಪಸ್ ಪಡೆಯಬೇಕಾಯ್ತು. ಎಐ ಕೊಟ್ಟದ್ದನ್ನು ನೋಡದೆ ಹಾಕಿದ್ದಾರೆ ಅನ್ನೋ ಅನುಮಾನ ಎಲ್ಲ ಕಡೆ ಕೇಳಿಬಂತು.

ಹಾಗಂತ ಹುಡುಗರ ಪರ ಪೂರ್ತಿ ವಕಾಲತ್ತು ವಹಿಸೋಕೂ ಆಗಲ್ಲ. ಫ್ರೆಶರ್‌ಗಳ ಇಂಟರ್‌ವ್ಯೂಗೆ ನಾನು ಕೂತಿರ್ತೀನಿ. ರೆಸ್ಯೂಮೆ ಥಳಥಳ, ಕೋಡು ಚೊಕ್ಕ. ‘ಈ ಸಾಲು ತೆಗೆದರೆ ಏನಾಗುತ್ತಪ್ಪ?’ ಅಂದರೆ ಮೌನ. ಆ ಮೌನ ನೋಡೋಕಾಗಲ್ಲ. ಎದುರಿಗೆ ಕೂತವನು ಅರ್ಧ ಎಕರೆ ಅಡವಿಟ್ಟ ಅಪ್ಪನ ಮಗ ಇರಬಹುದು. ಅಂಥವನಿಗೆ ಎರಡನೇ ಅವಕಾಶ ಕೊಡಿಸೋ ಮಾವನೋ ಚಿಕ್ಕಪ್ಪನೋ ಯಾವ ಕಂಪನಿಯಲ್ಲೂ ಇರಲ್ಲ.

ಹೋದ ವರ್ಷ ನಮ್ಮೂರ ಕಡೆಯ ಒಬ್ಬ ಹುಡುಗ ಪಿಡಿಎಫ್ ಕಳಿಸಿದ. ‘ಅಣ್ಣಾ, ಒಂದ್ಸಲ ನೋಡ್ಬಿಡಣ್ಣಾ, ಎಐ ಪರ್ಸೆಂಟ್ ಕಮ್ಮಿ ಆಗ್ಬೇಕು.’ ಪ್ರಾಜೆಕ್ಟು ಟೊಮೆಟೊ ಬೆಲೆ ಮುಂಚೆಯೇ ಅಂದಾಜು ಮಾಡೋದು. ಇಸ್ತ್ರಿ ಹಾಕಿದ ಇಂಗ್ಲಿಷು. ಡೇಟಾ ಯಾವುದೋ ರಾಜ್ಯದ ಮಂಡಿಯದು, ಇಂಟರ್ನೆಟ್ಟಿಂದ ಇಳಿಸಿದ್ದು, ಲೆಕ್ಕವೆಲ್ಲ ಕ್ವಿಂಟಲ್‌ನಲ್ಲಿ. ಕೋಲಾರದ ಎಪಿಎಂಸಿಯಲ್ಲಿ ಹರಾಜಾಗೋದು 15 ಕೆಜಿ ಬಾಕ್ಸು. 2023ರ ಜುಲೈನಲ್ಲಿ ಆ ಬಾಕ್ಸು 2,000 ರೂಪಾಯಿ ದಾಟಿತ್ತು. ಅವನ ಗ್ರಾಫಿನಲ್ಲಿ ಅದರ ಸುಳಿವೇ ಇಲ್ಲ.

‘ನಿಮ್ಮನೇಲಿ ಟೊಮೆಟೊ ಹಾಕ್ತಾರಲ್ಲೋ, ಅಪ್ಪನ ಹತ್ರ ಮಂಡಿ ಚೀಟಿಗಳಿಲ್ವಾ?’

‘ಅವೆ ಅಣ್ಣಾ, ಒಂದು ಕವರ್ ತುಂಬ. ಅದನ್ನೆಲ್ಲ ಯಾರು ಕೇಳ್ತಾರಣ್ಣಾ, ಗೈಡು ಪರ್ಸೆಂಟ್ ಅಷ್ಟೇ ನೋಡೋದು.’

ಆ ಕವರಿನಿಂದ ಶುರು ಮಾಡು ಅಂದೆ. ಎಐ ಬಿಡು ಅನ್ನಲಿಲ್ಲ. ಚೀಟಿಗಳ ಫೋಟೊ ತೆಗೆದು ಅದರ ಕೈಲೇ ಓದಿಸಿದ. ಒಂದನ್ನು ಏಳು, ಏಳನ್ನು ಒಂದು ಅಂತ ಅದು ಓದಿತು. ಪ್ರತಿ ಚೀಟಿಯನ್ನೂ ಅಪ್ಪನ ಪಕ್ಕ ಕೂತು ತಾಳೆ ನೋಡಿದ. ಆ ಜುಲೈನಲ್ಲಿ ಅವರ ಚೀಟಿಯೇ ಇಲ್ಲ. ಎಲೆ ಮುದುಡೋ ರೋಗ ಬಂದು ತೋಟ ಹೋಗಿತ್ತಂತೆ. ಆ ಸಲ ಬೆಲೆ ಏರಿದ್ದಕ್ಕೆ ಆ ರೋಗವೂ ಒಂದು ಕಾರಣ ಅಂತ ಅಪ್ಪ ಹೇಳಿದ ಮೇಲೆ, ಪಕ್ಕದ ತೋಟದವರ ಚೀಟಿ ತಂದು ಸೇರಿಸಿದ. ಕೋಡು ಎಐ ಬರೆದದ್ದೇ. ಆದರೆ ಒಂದೊಂದು ಸಾಲೂ ಏನು ಮಾಡುತ್ತೆ ಅಂತ ಅದನ್ನೇ ಕೇಳಿ ಕೇಳಿ, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರ್ಕೊಂಡಿದ್ದ.

90ರ ಮೇಲಿದ್ದ ಅಕ್ಯುರಸಿ 60ರ ಹತ್ತಿರ ಬಂದು ಕೂತಿತು. (ಬೆಲೆ ಅಂದಾಜಿಗೆ ಅಕ್ಯುರಸಿ ಅನ್ನೋ ಮಾತೇ ಸರಿಯಲ್ಲ, ಅದು ಇರಲಿ.) ಗೈಡು ‘ಕಮ್ಮಿ ಆಯ್ತಲ್ಲಪ್ಪ’ ಅಂತ ಮುಖ ಸಣ್ಣ ಮಾಡಿದರಂತೆ. ಯಾಕೆ ಕಮ್ಮಿ ಆಯ್ತು ಅಂತ ಇವನು ಹತ್ತು ನಿಮಿಷ ಹೇಳಿದನಂತೆ. ಅವರು ಕುರ್ಚಿ ಎಳೆದು ಹತ್ತಿರ ಹಾಕ್ಕೊಂಡು, ಜುಲೈ ತಿಂಗಳ ಚೀಟಿ ಯಾವುದು ತೋರಿಸು ಅಂದರಂತೆ.