ಕೆಂಪು ಬೊಟ್ಟಿನ ಬೆಲೆ

ಲೈಕಾ ಕ್ಯಾಮೆರಾದ ಹಣೆಯ ಮೇಲಿನ ಕೆಂಪು ಬೊಟ್ಟು ಫೋಟೋ ಹುಚ್ಚಿರುವ ಎಲ್ಲರಿಗೂ ಗೊತ್ತು. 2021ರಲ್ಲಿ ಈ ಜರ್ಮನ್ ಕಂಪನಿ ತನ್ನ ಎಸ್‌ಎಲ್ ಕ್ಯಾಮೆರಾಗಳಿಗೆಂದು 24-70 ಎಂಎಂ ಎಫ್2.8 ಜೂಮ್ ಲೆನ್ಸ್ ತಂತು. ಬೆಲೆ 2,795 ಡಾಲರ್. ಒಳಗೆ 15 ಗುಂಪುಗಳಲ್ಲಿ ಜೋಡಿಸಿದ 19 ಗಾಜುಗಳು. ಜಪಾನಿನ ಸಿಗ್ಮಾ 2019ರಲ್ಲೇ 1,099 ಡಾಲರಿಗೆ ತಂದಿದ್ದ 24-70 ಎಫ್2.8ರಲ್ಲೂ ಅಷ್ಟೇ ಗುಂಪು, ಅಷ್ಟೇ ಗಾಜು. ಅದೂ ಇದೇ ಎಲ್ ಮೌಂಟಿಗೆ ಕೂರುತ್ತೆ. ಕಾಕತಾಳೀಯ ಅನ್ನೋದು ಕಷ್ಟ.

ಲೈಕಾದ ಹೊರಕವಚ ಲೋಹದ್ದು, ನಿಜ. ಅದಕ್ಕೆ ಒಂದಿಷ್ಟು ಹೆಚ್ಚು ಕೇಳಲಿ. ಆದ್ರೆ ಎರಡೂವರೆ ಪಟ್ಟು?

ಬೇರೆಯವರಿಂದ ಮಾಡಿಸಿಕೊಳ್ಳೋದು ತಪ್ಪಲ್ಲ. 1998ರ ಹ್ಯಾಸಲ್‌ಬ್ಲಾಡ್ ಎಕ್ಸ್‌ಪ್ಯಾನ್ ಕ್ಯಾಮೆರಾವನ್ನು ತಯಾರಿಸಿದ್ದು ಫ್ಯೂಜಿ. ಜಪಾನಿನಲ್ಲಿ ಅದು ಫ್ಯೂಜಿ ಹೆಸರಲ್ಲೇ ಮಾರಾಟವಾಯ್ತು. ಯಾರ ಮರ್ಯಾದೆಯೂ ಹೋಗಲಿಲ್ಲ. ನನ್ನ ತಕರಾರು ಮೌನದ ಬಗ್ಗೆ. ಲೈಕಾ ಲೆನ್ಸಿನ ಮೈಮೇಲೆ ಸಿಗ್ಮಾದ ಹೆಸರು ಎಲ್ಲೂ ಇಲ್ಲ. ಇಎಂಐ ಕಟ್ಟಿ ಲೆನ್ಸ್ ಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ಬೊಟ್ಟಿಗೇ ದುಡ್ಡು ಕೊಡ್ತೀನಿ ಅನ್ನೋರು ಸಂತೋಷವಾಗಿ ಕೊಡಲಿ. ಗಾಜಿಗೆ ಕೊಡ್ತಿದ್ದೀನಿ ಅಂದ್ಕೊಂಡು ಬೊಟ್ಟಿಗೆ ಕೊಡೋ ಹಾಗೆ ಮಾತ್ರ ಆಗಬಾರದು.