ಚರ್ಮದ ಹಾಳೆಯ ಮೇಲೆ ಚಿನ್ನ, ನೀಲಿ: ನೋಡುವುದು ಹೇಗೆ?

ಮಧ್ಯಯುಗದ ಯುರೋಪಿನ ಚಿತ್ರಿತ ಹಸ್ತಪ್ರತಿ ಗಾಜಿನ ಪೆಟ್ಟಿಗೆಯಲ್ಲಿ ನಿಮ್ಮೆದುರಿಗಿದ್ದರೆ ನಿಂತಲ್ಲೇ ನಿಂತು ನೋಡಬೇಡಿ. ಎರಡು ಹೆಜ್ಜೆ ಸರಿಯಿರಿ, ಮಂಡಿ ಬಗ್ಗಿಸಿ ಮತ್ತೆ ನೋಡಿ. ಮಂಕಾಗಿದ್ದ ಚಿನ್ನ ಫಕ್ಕನೆ ಹೊಳೆಯುತ್ತದೆ. ಮೇಣದಬತ್ತಿಯ ಬೆಳಕಿನಲ್ಲೂ ಪುಟ ತಿರುವುತ್ತ ಓದುತ್ತಿದ್ದ ಪುಸ್ತಕ ಅದು. ಅಲುಗಾಟವಿಲ್ಲದೆ ಅದರ ಅರ್ಧ ಚೆಲುವು ಕಾಣುವುದೇ ಇಲ್ಲ.

ಚಿನ್ನ ಕೊಂಚ ಉಬ್ಬಿಕೊಂಡಿರುವುದನ್ನೂ ಗಮನಿಸಿ. ಕರುವಿನ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ಹೆರೆದು ಮಾಡಿದ ಹಾಳೆ. ಅದರ ಮೇಲೆ ಜಿಪ್ಸಮ್ ಪುಡಿ, ಅಂಟು, ಚೂರು ಸಕ್ಕರೆ ಬೆರೆಸಿದ ಲೇಪ. ಒಣಗಿದ ಲೇಪಕ್ಕೆ ಕಲಾವಿದ ಬಾಯಿಂದ ಬಿಸಿಯುಸಿರು ಬಿಡುತ್ತಿದ್ದ. ಆ ತೇವಕ್ಕೆ ಅದು ಜಿಗುಟಾಗಿ ಚಿನ್ನದ ರೇಕನ್ನು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ಉಜ್ಜಿ ಹೊಳಪು ತರಿಸುತ್ತಿದ್ದ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಲೇಪದ ಮೇಲೆ ರೇಕು ಕೂರಿಸುವುದನ್ನು ಕಂಡವರಿಗೆ ಈ ಕೆಲಸ ಹೊಸದೆನಿಸದು. ಚಿನ್ನ ಮೊದಲು, ಬಣ್ಣ ಆಮೇಲೆ. ತಿರುವುಮುರುವಾದರೆ ರೇಕು ಬಣ್ಣಕ್ಕೂ ಅಂಟಿ, ಉಜ್ಜುವಾಗ ಚಿತ್ರವೇ ಕೆಡುತ್ತಿತ್ತು.

ಕೆಂಪಿಗೆ ಇಂಗಳೀಕ, ಹಳದಿಗೆ ಅರಿದಾಳ, ಹಸಿರಿಗೆ ತಾಮ್ರದ ಕಿಲುಬು. ಈ ಕಿಲುಬು ಎಷ್ಟೋ ಕಡೆ ಹಾಳೆಯನ್ನೇ ತಿಂದು ತೂತು ಮಾಡಿದೆ.

ನೀಲಿಯ ಬಳಿ ಮಾತ್ರ ತಡೆದು ನಿಲ್ಲಿ. ಅತ್ಯಂತ ದುಬಾರಿ ನೀಲಿ ಬರುತ್ತಿದ್ದುದು ಅಫ್ಘಾನಿಸ್ತಾನದ ಬದಖ್‌ಶಾನದಲ್ಲಿ ಸಿಗುವ ಲ್ಯಾಪಿಸ್ ಲಾಜುಲಿ ಕಲ್ಲಿನಿಂದ. ಬರೀ ಅರೆದರೆ ಬೂದುಬಣ್ಣ. ಅದಕ್ಕೇ ಪುಡಿಯನ್ನು ಮೇಣ, ಮರದ ರಾಳಗಳ ಜೊತೆ ಕಣಕದಂತೆ ನಾದಿ, ಬೂದಿಯ ಕ್ಷಾರದ ನೀರಿನಲ್ಲಿ ಹಿಸುಕಬೇಕು. ನೀಲಿಯಷ್ಟೇ ನೀರಿಗಿಳಿಯುತ್ತದೆ, ಕಸ ಮುದ್ದೆಯಲ್ಲೇ ಉಳಿಯುತ್ತದೆ. ಮೊದಲ ಹಿಸುಕಿಗೆ ಬಂದದ್ದೇ ಶ್ರೇಷ್ಠ. ಸುಮಾರು 1400ರ ಹೊತ್ತಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ಈ ವಿಧಾನವನ್ನು ಬರೆದಿಟ್ಟ.

ಜರ್ಮನಿಯ ಡಾಲ್‌ಹೈಮ್‌ನಲ್ಲಿ ಸನ್ಯಾಸಿನಿಯರ ಮಠವೊಂದಿತ್ತು. 997ರಿಂದ 1162ರ ನಡುವೆ ತೀರಿಕೊಂಡ ಅಲ್ಲಿನ ಒಬ್ಬ ಹೆಂಗಸಿನ ಹಲ್ಲಿನ ಪಾಚಿಯಲ್ಲಿ ಇದೇ ನೀಲಿಯ ಕಣಗಳು ಸಿಕ್ಕಿದ್ದನ್ನು 2019ರಲ್ಲಿ ಸಂಶೋಧಕರು ಪ್ರಕಟಿಸಿದರು. ಚಿತ್ರ ಬರೆಯುತ್ತ ಆಕೆ ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದಿರಬೇಕು ಎಂಬುದು ಅವರ ಊಹೆ. ಇದನ್ನು ತಿಳಿದ ಮೇಲೆ, ಹಸ್ತಪ್ರತಿ ಎಂದರೆ ಗಡ್ಡದ ಸನ್ಯಾಸಿಗಳ ಕೆಲಸವೆಂಬ ಚಿತ್ರ ನನ್ನ ಮನಸ್ಸಿನಿಂದ ಪೂರ್ತಿ ಅಳಿಸಿಹೋಯಿತು.

ಆದರೆ ಬೆಲೆಯಿಂದ ಚೆಲುವನ್ನು ಅಳೆಯಬೇಡಿ. ಸುಮಾರು 800ರ 'ಬುಕ್ ಆಫ್ ಕೆಲ್ಸ್'ನಲ್ಲಿ ಚಿನ್ನವಿಲ್ಲ, ಅರಿದಾಳದ ಹಳದಿಯೇ ಚಿನ್ನದ ಕೆಲಸ ಮಾಡಿದೆ. ಅದರ ನೀಲಿಯನ್ನು ಬಹುಕಾಲ ಲ್ಯಾಪಿಸ್ ಎಂದೇ ನಂಬಿದ್ದರು. ಪರೀಕ್ಷಿಸಿದಾಗ ಗಿಡದ ನೀಲಿ ಎಂದು ಗೊತ್ತಾಯಿತು. ಡಬ್ಲಿನ್‌ನ ಟ್ರಿನಿಟಿ ಕಾಲೇಜು ಇಡೀ ಪುಸ್ತಕವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಒಂದೇ ಒಂದು ಅಕ್ಷರವನ್ನು ಹಿಗ್ಗಿಸಿಕೊಂಡು, ಅವಸರ ಮಾಡದೆ ಹತ್ತು ನಿಮಿಷ ನೋಡಿ.