ಬಾಡಿಗೆಯ ದಂಡು: ಕಲ್ಪನೆಯಲ್ಲಿಯೂ ಚರಿತ್ರೆಯಲ್ಲಿಯೂ

ಸಾವಿರ ವರ್ಷಗಳಾಚೆಯ ಯುದ್ಧವನ್ನು ವರ್ಣಿಸುವ ಕಥೆಗೆ ಚನ್ನಗಿರಿಯ ರಾವುತನೊಬ್ಬನ ಚರಿತ್ರೆಯು ಒರೆಗಲ್ಲಾಗಬಲ್ಲುದೆಂದರೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕೂಲಿಗಾಗಿ ಕಾದುವ ದಂಡಿನ ಸ್ವರೂಪವು ಆಯುಧಗಳು ಬದಲಾದಷ್ಟು ಬೇಗ ಬದಲಾಗುವುದಿಲ್ಲ.

ಅಮೆರಿಕದ ಫಾಸಾ ಎಂಬ ಸಂಸ್ಥೆಯು 1984ರಲ್ಲಿ ಒಂದು ಯುದ್ಧಕ್ರೀಡೆಯನ್ನು ಹೊರತಂದಿತು. ಮರುವರ್ಷ ಅದಕ್ಕೆ ‘ಬ್ಯಾಟಲ್‌ಟೆಕ್’ ಎಂಬ ಹೆಸರಾಯಿತು. ಅದರ ಲೋಕದಲ್ಲಿ ಮೂವತ್ತೊಂದನೆಯ ಶತಮಾನದ ರಾಜಮನೆತನಗಳು ಕಾಲೂರಿ ನಡೆಯುವ ಭೀಮಯಂತ್ರಗಳಿಂದ ಹೋರಾಡುತ್ತವೆ. ಈ ಲೋಕವನ್ನು ಆಶ್ರಯಿಸಿ ವಿಲಿಯಂ ಎಚ್. ಕೀತ್ ಅವರು 1986ರಲ್ಲಿ ‘ಡಿಸಿಷನ್ ಅಟ್ ಥಂಡರ್ ರಿಫ್ಟ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ತಂದೆಯನ್ನೂ ದಂಡನ್ನೂ ಕಳೆದುಕೊಂಡ ಗ್ರೇಸನ್ ಕಾರ್ಲೈಲನೆಂಬ ತರುಣನು ಶತ್ರುವಿನ ಯಂತ್ರವೊಂದನ್ನು ಸೆರೆಹಿಡಿದು, ಅದರಿಂದಲೇ ‘ಗ್ರೇ ಡೆತ್ ಲೀಜನ್’ ಎಂಬ ಬಾಡಿಗೆಯ ದಂಡಿಗೆ ಮೊದಲಿಡುವುದು ಅದರ ವಸ್ತು.

ಈ ಕಲ್ಪನೆಯ ಸತ್ತ್ವವು ಯಂತ್ರದ ಗಾತ್ರದಲ್ಲಿಲ್ಲ, ಅದರ ಒಡೆತನದಲ್ಲಿದೆ. ದೀರ್ಘಯುದ್ಧದಿಂದ ಕಾರ್ಖಾನೆಗಳು ಹಾಳಾದ ಆ ಲೋಕದಲ್ಲಿ ಯಂತ್ರವು ತಂದೆಯಿಂದ ಮಕ್ಕಳಿಗೆ ಬರುವ ಆಸ್ತಿ. ಅದನ್ನು ಕಳೆದುಕೊಂಡ ಯೋಧನಿಗೆ ವೃತ್ತಿಯೂ ಇಲ್ಲ, ಮಾನವೂ ಇಲ್ಲ. ನಮ್ಮ ಸಿಲ್ಲೇದಾರನ ಸ್ಥಿತಿಯೂ ಇಂಥದೇ. ಸ್ವಂತ ಕುದುರೆಯುಳ್ಳವನು ಸಿಲ್ಲೇದಾರ. ಪರರ ಕುದುರೆಯೇರಿದವನು ಬಾರಗೀರ. ಕುದುರೆ ಬಿದ್ದರೆ ಸಿಲ್ಲೇದಾರನ ಬದುಕೇ ಬೀಳುತ್ತಿತ್ತು. ಈ ಭಯವನ್ನು ಕಾದಂಬರಿಯು ಯಥಾರ್ಥವಾಗಿ ಗ್ರಹಿಸಿದೆ.

ಇನ್ನು ಚರಿತ್ರೆಯನ್ನು ನೋಡೋಣ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನು ಹೈದರನ ಅಶ್ವದಳದಲ್ಲಿ ಸೇವೆಮಾಡಿದವನು. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಪಕ್ಷವನ್ನು ತೊರೆದು ಸ್ವತಂತ್ರವಾಗಿ ದಂಡುಕಟ್ಟಿದನು; ಬಳಿಕ ಟಿಪ್ಪುವಿನ ಸೆರೆಗೇ ಸಿಕ್ಕಿದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬೀಳಲು ಬಿಡುಗಡೆಹೊಂದಿ, ಒಡೆಯನನ್ನೂ ಸಂಬಳವನ್ನೂ ಕಳೆದುಕೊಂಡಿದ್ದ ಸೈನಿಕರನ್ನು ಕೂಡಿಹಾಕಿ, ‘ಉಭಯಲೋಕಾಧೀಶ್ವರ’ನೆಂಬ ಬಿರುದನ್ನು ತಳೆದನು. ಆ ವರ್ಷದ ಆಗಸ್ಟಿನಲ್ಲಿ ಶಿಕಾರಿಪುರವನ್ನು ಕಳೆದುಕೊಂಡರೂ ಮತ್ತೆ ದಂಡು ನೆರೆಯಿತು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯು ನಾಲ್ಕು ಅಶ್ವದಳಗಳೊಡನೆ ಮೇಲೆಬಿದ್ದು ಅವನನ್ನು ಕೊಂದನು. ಅವನ ಮಗ ಸಲಾಬತ್ ಖಾನನನ್ನು ಸಾಕಿದವನೂ ಆ ವೆಲ್ಲೆಸ್ಲಿಯೇ.

ಈ ಚರಿತ್ರೆಯ ಪಕ್ಕದಲ್ಲಿಟ್ಟಾಗ ಕಾದಂಬರಿಯ ಕೊರತೆಯು ಸ್ಪಷ್ಟವಾಗುತ್ತದೆ. ಒಡೆಯನಿಲ್ಲದ ಸಾವಿರಾರು ಕುದುರೆಗಳಿಗೆ ಹುಲ್ಲು, ಜನರಿಗೆ ಜೋಳ ಎಲ್ಲಿಂದ ಬರಬೇಕು? ದಂಡು ಹಾದುಹೋದ ಸೀಮೆಯ ಕಣಜಗಳಿಂದಲೇ. ಧೋಂಡಿಯನನ್ನು ವೀರನೆನ್ನುವವರೂ ಲೂಟಿಗಾರನೆನ್ನುವವರೂ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು. ಕೀತ್ ಅವರ ಕಥೆಯಾದರೋ ತಂದೆಯ ಕೊಲೆಯ ಸೇಡಿನಿಂದ ನಡೆಯುತ್ತದೆ. ನಾಯಕನ ದುಃಖವು ನಿಜವಾಗಿರುವುದರಿಂದ ಅವನ ಕೂಲಿಯ ಭಾರವನ್ನು ಹೊತ್ತವರತ್ತ ನಮ್ಮ ದೃಷ್ಟಿ ಹೊರಳುವುದೇ ಇಲ್ಲ.

ನಮ್ಮ ಪ್ರಾಚೀನರು ಯೋಧನ ಋಣಕ್ಕೆ ‘ಜೋಳವಾಳಿ’ ಎಂದು ಹೆಸರಿಟ್ಟರು. ಪಂಪನ ಕರ್ಣನು ಉಂಡ ಅನ್ನವನ್ನು ನೆನೆದು ಸಾಯಲು ಸಿದ್ಧನಾಗುತ್ತಾನೆ. ಆ ಶಬ್ದದಲ್ಲಿ ಒಡೆಯನ ಹೆಸರಿಲ್ಲ, ಧಾನ್ಯದ ಹೆಸರಿದೆ. ಧಾನ್ಯವನ್ನು ಬೆಳೆದವನು ರೈತ. ಬಾಡಿಗೆಯ ದಂಡಿನ ಕಥೆಯು ನಮ್ಮ ಭಾಷೆಯಲ್ಲಿಯೂ ಬರೆಯಲ್ಪಡಲಿ, ಯಂತ್ರಗಳೂ ಇರಲಿ. ಆದರೆ ಅದನ್ನು ಬೋಧಿಸುವ ಅಧ್ಯಾಪಕರು ಯಾವ ಹೊಲದ ಜೋಳವನ್ನು ಆ ದಂಡು ಉಂಡಿತೆಂದು ವಿದ್ಯಾರ್ಥಿಗಳನ್ನು ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.